ಕಾರಿನ ಕಿಟಕಿ ಗಾಜುಗಳ ಕೆಲಸ: ಮೂರು ಬಾಗಿಲು ಮುಗಿದಿವೆ, ಒಂದು ಬಾಕಿ

ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಎರಡು ಗಾಜುಗಳು ಮೋಟಾರಿನಿಂದಲೂ ಹಿಂದಿನವು ಕೈಯಿಂದ ತಿರುಗಿಸುವ ಹ್ಯಾಂಡಲ್‌ನಿಂದಲೂ ಚಲಿಸುತ್ತವೆ. ನಾಲ್ಕೂ ಬಿಗಿಯಾಗಿದ್ದವು. ದಾವಣಗೆರೆಯ ಸುತ್ತಮುತ್ತ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಗಾಜು ಇಳಿಸಿಕೊಂಡು ಓಡಾಡಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಚಾಲಕನ ಬಾಗಿಲಿನಲ್ಲಿ ಕೆಲಸ ಆರಂಭಿಸಿದ್ದು ಬೀಡಿಂಗ್‌ನಿಂದ, ಅಂದರೆ ಗಾಜು ಜಾರುವ ರಬ್ಬರ್ ಪಟ್ಟಿಯಿಂದ. ಎಂಜಿನ್ ಚಾಲೂ ಇದ್ದಾಗಲೂ ಗಾಜು ನಿಧಾನವಾಗಿಯೇ ಏರುತ್ತಿದ್ದುದರಿಂದ, ಬ್ಯಾಟರಿ ಸೊರಗಿರುವುದಷ್ಟೇ ಕಾರಣವಲ್ಲ ಎಂಬುದು ಮೊದಲೇ ತಿಳಿದಿತ್ತು. ಹಿಂದೆ ಯಾರೋ ಆ ಪಟ್ಟಿಯೊಳಗೆ ಗ್ರೀಸ್ ಬಳಿದಿದ್ದರು. ಅದಕ್ಕೆ ಧೂಳೂ ಹೊಟ್ಟೂ ಅಂಟಿ ಕಪ್ಪು ಮುದ್ದೆಯಾಗಿತ್ತು. ಬಾಗಿಲಿನ ಪಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಉಬ್ಬಿದಷ್ಟೂ ಗಾಜನ್ನು ಹಿಡಿಯುತ್ತದೆ. ಆದ್ದರಿಂದ ತೆಳುವಾದ ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆ ಬೆಳ್ಳಗೆ ಹೊರಬರುವವರೆಗೂ ಒರೆಸಿದೆ. ಪಟ್ಟಿ ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ಗಾಜನ್ನು ಮೇಲೆ ಕೆಳಗೆ ಆಡಿಸಿದಾಗ, ಒಳಭಾಗವನ್ನು ಬಿಚ್ಚುವ ಮೊದಲೇ ಬಹುಪಾಲು ಬಿಗಿತ ಹೋಗಿತ್ತು. ಎಣ್ಣೆ ಹಾಕುವುದಕ್ಕಿಂತ ಹಳೆಯ ಎಣ್ಣೆಯನ್ನು ತೆಗೆಯುವುದೇ ಇಲ್ಲಿ ದೊಡ್ಡ ಕೆಲಸ ಎಂಬುದು ನನ್ನ ಅಭಿಪ್ರಾಯ.

ಆದರೂ ಒಳಗೆ ಕಿರುಗುಟ್ಟುವ ಸದ್ದು ಉಳಿದಿತ್ತು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಹಿಡಿಕೆಯ ಹಿಂದಿನ ಸ್ಕ್ರೂಗಳನ್ನು ತೆಗೆದು, ಅಂಚಿನ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸಿ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆಯನ್ನು, ಇಳಿಸಿದೆ. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ ಇಟ್ಟುಕೊಳ್ಳಬೇಕು. ಅದನ್ನು ಮತ್ತೆ ಅಂಟಿಸದಿದ್ದರೆ ಮಳೆಗಾಲದಲ್ಲಿ ನೀರು ಕಾರಿನೊಳಗೇ ಬರುತ್ತದೆ. ಗಾಜನ್ನು ಏರಿಳಿಸುವ ಒಳಗಿನ ಸಾಧನವೇ ರೆಗ್ಯುಲೇಟರ್; ಈ ಬಾಗಿಲಿನಲ್ಲಿರುವುದು ಕೇಬಲ್ ಬಗೆಯದು. ಗಾಜನ್ನು ಹೊತ್ತ ಪ್ಲಾಸ್ಟಿಕ್ ತುಂಡು ಜಾರುವ ಕಬ್ಬಿಣದ ಹಳಿಯನ್ನು ಒರೆಸಿ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿದೆ. ಮೋಟಾರಿನ ಗೇರ್ ಪೆಟ್ಟಿಗೆ ಮುಚ್ಚಿದ್ದರಿಂದ ಅದನ್ನು ಮುಟ್ಟಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇಯನ್ನೇ ಎಲ್ಲದಕ್ಕೂ ಹೊಡೆಯುವ ರೂಢಿ ನಮ್ಮಲ್ಲಿದೆ, ಆದರೆ ಅದು ಇದ್ದ ಗ್ರೀಸನ್ನೂ ಕರಗಿಸುತ್ತದೆ. ಎಡಗಡೆಯ ಮುಂದಿನ ಬಾಗಿಲಿಗೂ ಇಷ್ಟೇ ಕೆಲಸ.

ಹಿಂದಿನ ಎಡ ಬಾಗಿಲಿನದು ಕತ್ತರಿಯಂತೆ ಮಡಚುವ ತೋಳುಗಳ ಹಳೆಯ ಬಗೆ. ಹ್ಯಾಂಡಲ್‌ನ ಹಿಂದೆ ಲಾಳದ ಆಕಾರದ ಕ್ಲಿಪ್ ಇರುತ್ತದೆ. ಹ್ಯಾಂಡಲ್ ಮತ್ತು ಪ್ಯಾಡ್ ನಡುವೆ ಬಟ್ಟೆಯ ಪಟ್ಟಿಯನ್ನು ತೂರಿಸಿ ಆಚೀಚೆ ಎಳೆದರೆ ಅದು ಚಿಮ್ಮಿ ಹೊರಬರುತ್ತದೆ, ಎಲ್ಲಿ ಬೀಳುತ್ತದೆಂದು ನೋಡಿಕೊಂಡಿರಬೇಕು. ಗಾಜನ್ನು ಮೇಲೆಯೇ ಟೇಪಿನಿಂದ ಬಿಗಿದು, ಹಲ್ಲುಚಕ್ರ, ತೋಳಿನ ಕೀಲು ಮತ್ತು ರೋಲರ್‌ಗಳಿಗೆ ಗ್ರೀಸ್ ಕೊಟ್ಟೆ. ಬಾಗಿಲಿನ ತಳದ ನೀರು ಹರಿಯುವ ರಂಧ್ರಗಳು ಮಣ್ಣಿನಿಂದ ಮುಚ್ಚಿದ್ದವು, ಅವನ್ನೂ ಬಿಡಿಸಿದೆ.

ಬಾಕಿಯಿರುವ ಹಿಂದಿನ ಬಲ ಬಾಗಿಲಿನಲ್ಲಿ ಗಾಜು ಒಂದು ಮೂಲೆಗೆ ವಾಲುತ್ತದೆ, ಏಕೆಂದರೆ ಒಂದು ರೋಲರ್ ಒಡೆದಿದೆ. ಇದಕ್ಕೆ ಗ್ರೀಸ್ ಪರಿಹಾರವಲ್ಲ. ಪಿ.ಬಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಸದ್ಯ ಮೋಟಾರ್ ಬಗೆಯ ರೆಗ್ಯುಲೇಟರ್ ಮಾತ್ರ ಇದೆ. ಕೈಯಿಂದ ತಿರುಗಿಸುವ ಬಗೆಯದನ್ನು ತರಿಸಲು ಹೇಳಿದ್ದೇನೆ. ಬಂದ ಮೇಲೆ ಬೋಲ್ಟ್ ರಂಧ್ರಗಳನ್ನು ಹಳೆಯದರ ಜೊತೆ ಹೊಂದಿಸಿ ನೋಡಿಯೇ ಹಣ ಕೊಡುವೆ.