ಸುತ್ತಿಗೆ ಹಿಡಿದು ಬೆಲೆ ಕಟ್ಟುವ ಕೆಲಸ

ಜೀಪಿನಂಥ ಹಳೇ ಫೋರ್‌ವೀಲ್ ಡ್ರೈವ್ ಗಾಡಿಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸುವ ವರ್ಕ್‌ಶಾಪ್ ನಮ್ಮದು. ಅಲ್ಲಿ ನನ್ನ ಕೆಲಸ ಗಾಡಿ ನೋಡಿಕೊಂಡು ಬಂದು, ಎಷ್ಟು ಕೊಡಬಹುದು ಅಂತ ಹೇಳುವುದು. ವೆಲ್ಡಿಂಗ್ ನನಗೆ ಬರುವುದಿಲ್ಲ. ನಾನು ತಪ್ಪು ಬೆಲೆ ಹೇಳಿದರೆ ಅದನ್ನು ತಿಂಗಳುಗಟ್ಟಲೆ ಅನುಭವಿಸುವವರು ವೆಲ್ಡಿಂಗ್ ಮೇಸ್ತ್ರಿ. ಇದು ನನಗೆ ಅರ್ಥವಾಗಿದ್ದು ಒಂದು ಗಾಡಿ ತಂದ ಮೇಲೆ.

ಅದೊಂದು ಲ್ಯಾಂಡ್ ರೋವರ್ ಸೀರೀಸ್ 3. ಹೊರಗಡೆ ಪೇಂಟ್ ಫಳಫಳ ಹೊಳೆಯುತ್ತಿತ್ತು. ಒಂದೇ ಸೆಲ್ಫ್‌ಗೆ ಎಂಜಿನ್ ಸ್ಟಾರ್ಟ್ ಆಯಿತು. ಮಾರುವವರು ಓಡಿಸಿ ನೋಡಿ ಅಂದರು, ಓಡಿಸಿದೆ. ಅಡಿಗೆ ಬಗ್ಗಿ ನೋಡಿದರೆ ಇಡೀ ಗಾಡಿಯನ್ನು ಹೊರುವ ಚೌಕಟ್ಟಿಗೆ, ಅಂದರೆ ಚಾಸಿಗೆಲ್ಲ ಹೊಸದಾಗಿ ಕಪ್ಪು ಡಾಂಬರು ಬಳಿದಿತ್ತು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದುಕೊಂಡೆ. ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಹೇಳಿ ಒಪ್ಪಿಸಿದ್ದೆ. ಅದೇ ದೊಡ್ಡ ಗೆಲುವು ಅನ್ನಿಸಿತ್ತು.

ವರ್ಕ್‌ಶಾಪ್‌ನಲ್ಲಿ ಗಾಡಿಯನ್ನು ಮೇಲೆತ್ತಿ, ಮೇಸ್ತ್ರಿ ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತಾ ಹೋದರು. ಮೊದಲು ಠಣ್ ಅಂದಿತು. ಆಮೇಲೆ ದಬ್ ಅಂದಿತು. ಮೂರನೇ ಏಟಿಗೆ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಡಾಂಬರು ಕೆರೆದು ನೋಡಿದರೆ ಪ್ಯಾಚಿನ ಮೇಲೆ ಪ್ಯಾಚು, ಅದರ ಮೇಲೆ ಪುಟ್ಟಿ. ಮೇಸ್ತ್ರಿ ನನ್ನ ಮುಖ ನೋಡಿ, "ಏನಪ್ಪಾ, ಗಾಡಿ ತಂದಿದ್ದೀಯೋ, ಡಾಂಬರು ತಂದಿದ್ದೀಯೋ?" ಅಂದರು.

ನಾನು ಮೋಸ ಹೋಗಿದ್ದಕ್ಕೆ ಅರ್ಧ ಕಾರಣ ಒಂದು ನಂಬಿಕೆ. ಲ್ಯಾಂಡ್ ರೋವರ್‌ಗೆ ತುಕ್ಕು ಹಿಡಿಯಲ್ಲ ಅಂತ ಎಲ್ಲರೂ ಹೇಳುತ್ತಾರೆ. 1948ರಲ್ಲಿ ಆ ಗಾಡಿ ಬಂದಾಗ ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇತ್ತು. ಹಾಗಾಗಿ ಬಾಡಿಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಅದು ನಿಜ. ಆದರೆ ಚಾಸಿ ಉಕ್ಕಿನದು. ಎಂಜಿನ್‌ಗೂ ಡ್ರೈವರ್‌ಗೂ ನಡುವಿನ ಬಲ್ಕ್‌ಹೆಡ್ ಉಕ್ಕಿನದು. ಚಾಸಿಯೋ, ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯ ಹಾಗಿರುತ್ತದೆ. ಕೆಸರು, ನೀರು ಒಳಗೆ ಹೋದರೆ ಸುಲಭವಾಗಿ ಹೊರಗೆ ಬರುವುದಿಲ್ಲ. ಅದು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗೆ ಗುಳ್ಳೆ ಏಳುವಷ್ಟರಲ್ಲಿ ಒಳಗೆ ತಗಡು ಕಾಗದ ಆಗಿರುತ್ತದೆ. ಇನ್ನು ಅಲ್ಯೂಮಿನಿಯಂ ಮತ್ತು ಉಕ್ಕು ಸೇರುವ ಕಡೆ ತೇವ ನಿಂತರೆ ಅಲ್ಯೂಮಿನಿಯಂ ಕೂಡ ಬಿಳಿ ಪುಡಿಯಾಗಿ ಉದುರುತ್ತದೆ. ನಾನು ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿದ್ದೆ, ಪುಟ್ಟಿ ಎಲ್ಲಿದೆ ನೋಡೋಣ ಅಂತ. ಮ್ಯಾಗ್ನೆಟ್ ಅಂಟುವುದು ಉಕ್ಕಿಗೆ, ಅಲ್ಯೂಮಿನಿಯಂಗೆ ಅಲ್ಲ. ಅಲ್ಯೂಮಿನಿಯಂ ಬಾಡಿಯ ಮೇಲೆ ಮ್ಯಾಗ್ನೆಟ್ ಹಿಡಿದು ನಿಂತವನನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಹೊಸ ಚಾಸಿ ಹಾಕಿಬಿಡೋಣ ಅಂದೆ. ಸೀರೀಸ್ ಲ್ಯಾಂಡ್ ರೋವರ್‌ಗೆ ಸತು ಲೇಪಿಸಿದ ಹೊಸ ಚಾಸಿ ಸಿಗುತ್ತದೆ. ಅದರ ಬೆಲೆ ನೋಡಿದರೆ ಅಷ್ಟೇನೂ ಭಯ ಆಗುವುದಿಲ್ಲ. ಆದರೆ ಹಳೇ ಚಾಸಿಯ ಮೇಲಿಂದ ಎಂಜಿನ್, ಗೇರ್‌ಬಾಕ್ಸ್, ಎರಡೂ ಆಕ್ಸಲ್, ಬಾಡಿ, ವೈರಿಂಗ್, ಬ್ರೇಕ್ ಪೈಪ್ ಎಲ್ಲ ಇಳಿಸಬೇಕಲ್ವಾ? ನಾಲ್ಕು ಬೋಲ್ಟ್ ಬಿಚ್ಚಲು ಹೋದರೆ ಮೂರು ಮುರಿಯುತ್ತವೆ. ಮುರಿದಿದ್ದನ್ನು ಡ್ರಿಲ್ ಹೊಡೆದು ತೆಗೆಯಬೇಕು. ನಾವು ಆ ಗಾಡಿಯಲ್ಲಿ ದುಡ್ಡು ಕಳೆದುಕೊಂಡಿದ್ದು ಲೋಹಕ್ಕೆ ಅಲ್ಲ, ಗಂಟೆಗಳಿಗೆ.

ಅಲ್ಲಿಂದ ಲೆಕ್ಕ ಹಾಕುವ ದಾರಿಯನ್ನೇ ತಿರುಗಿಸಿದೆ. ಮಾರುವವರು ಕೇಳಿದ ಬೆಲೆಯಿಂದ ಕೆಳಗೆ ಇಳಿಸುತ್ತಾ ಹೋಗುವುದನ್ನು ಬಿಟ್ಟೆ. ಈಗ ಆ ಕೊನೆಯಿಂದ ಶುರು ಮಾಡುತ್ತೇನೆ. ಪೂರ್ತಿ ರೆಡಿಯಾದ ಅದೇ ಗಾಡಿ ನಿಜವಾಗಿ ಎಷ್ಟಕ್ಕೆ ಹೋಗುತ್ತದೆ? ಜಾಹೀರಾತಿನಲ್ಲಿ ಹಾಕಿದ ಬೆಲೆ ಅಲ್ಲ, ಕೈಗೆ ಬಂದ ಬೆಲೆ. ಸುಮ್ನೆ ಲೆಕ್ಕಕ್ಕೆ ಅದನ್ನು 100 ಅಂತ ಇಟ್ಟುಕೊಳ್ಳಿ. ಕೂಲಿ 45, ಬಿಡಿಭಾಗ 20, ಪೇಂಟ್ 10, ಸಾಗಣೆ ಮತ್ತು ಕಾಗದಪತ್ರ 5. ಇಷ್ಟಕ್ಕೇ 80 ಆಯಿತು. ಕೂಲಿಯ ಮೂರನೇ ಒಂದು ಭಾಗವನ್ನು, ಅಂದರೆ 15ನ್ನು, ಇನ್ನೂ ಕಾಣದೇ ಇರುವ ತುಕ್ಕಿಗೆ ಅಂತ ಎತ್ತಿಡುತ್ತೇನೆ. ಗಾಡಿಗೆ ಕೊಡಲು ಉಳಿದಿದ್ದು 5. ಮಾರುವವರು ಕೇಳುವುದು 40, ಯಾಕೆಂದರೆ ಅಂಥದ್ದೇ ಗಾಡಿ 100ಕ್ಕೆ ಹೋಗಿದ್ದು ಅವರಿಗೂ ಗೊತ್ತು. ನಮ್ಮ ಲಾಭ ಇನ್ನೂ ಬಂದೇ ಇಲ್ಲ, ನೋಡಿ. ಮನೆಯಲ್ಲಿ ತಾವೇ ಕೂತು ಕೆಲಸ ಮಾಡುವವರು ಕೂಲಿ ಲೆಕ್ಕ ಬಿಡಬಹುದು. ಅದು ಅವರ ಖುಷಿ. ಆದರೆ ಆ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದಾದರೂ ಇಡಲಿ ಅಂತ ನನ್ನ ಆಸೆ.

ಕೊಡಬಹುದಾದ ಬೆಲೆಗೆ ಇದು ಮೇಲಿನ ಗೆರೆ. ಕೆಳಗೂ ಒಂದು ಗೆರೆ ಇರುತ್ತದೆ. ಗಾಡಿ ಏನೂ ಕೆಲಸಕ್ಕೆ ಬಾರದೇ ಹೋದರೆ, ಬಿಚ್ಚಿ ಮಾರಿದರೆ ಎಷ್ಟು ಬರುತ್ತದೆ ಅನ್ನುವುದು. ಗೇರ್‌ಬಾಕ್ಸ್, ಆಕ್ಸಲ್, ಗಾಜಿನ ಫ್ರೇಮ್, ಮೀಟರ್‌ಗಳು. ಕೇಳುವ ಬೆಲೆ ಈ ಗೆರೆಯ ಹತ್ತಿರ ಇದ್ದರೆ ನನಗೆ ರಾತ್ರಿ ನಿದ್ದೆ ಬರುತ್ತದೆ.

ಈ ಲೆಕ್ಕ ನನ್ನ ಕೈ ಹಿಡಿದಿದ್ದು ಒಂದು ಟೊಯೋಟಾ ಎಫ್‌ಜೆ 40ರಲ್ಲಿ. ನೋಡಲು ಘೋರವಾಗಿತ್ತು. ಫ್ಲೋರ್ ತೂತಿನಿಂದ ಗಿಡ ಎದ್ದಿತ್ತು. ಹಿಂದಿನ ಮೂಲೆಗಳು, ಬಾಗಿಲ ಕೆಳಗಿನ ಸಿಲ್ ಎಲ್ಲ ತಿಂದುಹೋಗಿದ್ದವು. ಎಂಜಿನ್ ಜಾಮ್. ಫೋಟೋ ನೋಡಿದ ನಮ್ಮ ವರ್ಕ್‌ಶಾಪ್ ಓನರ್ "ಗುಜರಿಯವರಿಗೆ ಬಿಡು" ಅಂದರು. ಆದರೆ ಚಾಸಿ ಈ ತುದಿಯಿಂದ ಆ ತುದಿಯವರೆಗೆ ಠಣ್ ಠಣ್ ಅನ್ನುತ್ತಿತ್ತು. ಸ್ಕ್ರೂಡ್ರೈವರ್‌ನಿಂದ ಒತ್ತಿದರೂ ಎಲ್ಲೂ ಬಗ್ಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ಸಾಮಾನೂ ಕಳೆದಿರಲಿಲ್ಲ. ಲೈಟಿನ ರಿಂಗ್, ಬಾಗಿಲ ಹಿಂಜ್, ಮೀಟರ್, ಸೀಟಿನ ಫ್ರೇಮ್ ಎಲ್ಲ ಹಿಂದೆ ಒಂದು ಪೆಟ್ಟಿಗೆಯಲ್ಲಿದ್ದವು. ತಗಡನ್ನು ನಮ್ಮ ಮೇಸ್ತ್ರಿ ಕತ್ತರಿಸಿ, ಬಗ್ಗಿಸಿ ಮಾಡಿಕೊಡುತ್ತಾರೆ. ಇಲ್ಲದ ಮೀಟರನ್ನು ಯಾರು ಮಾಡಿಕೊಡುತ್ತಾರೆ? ಹಿಂದೊಮ್ಮೆ ಬೇರೊಂದು ಗಾಡಿಗೆ ಒಂದು ಸ್ವಿಚ್ ಹುಡುಕಲು ತಿಂಗಳುಗಳೇ ಹೋಗಿದ್ದವು. ಈ ಎಂಜಿನ್‌ಗೆ ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟು, ಕೆಲವು ದಿನ ಹಾಗೇ ಇಟ್ಟು, ಕೈಯಿಂದ ಹಿಂದೆ ಮುಂದೆ ಆಡಿಸಿದೆವು. ಬಿಟ್ಟಿತು. ಯಾವಾಗಲೂ ಬಿಡುವುದಿಲ್ಲ. ಬೆಲೆ ಕಟ್ಟುವಾಗ ಜಾಮ್ ಆದ ಎಂಜಿನ್‌ಗೆ ನಾನು ಸೊನ್ನೆ ಅಂತಲೇ ಬರೆದಿರುತ್ತೇನೆ.

ಯುದ್ಧಕಾಲದ ಜೀಪುಗಳಲ್ಲಿ ಇನ್ನೊಂದು ತೊಡಕು. ಅವನ್ನು ವಿಲ್ಲೀಸ್ ಮಾತ್ರ ಅಲ್ಲ, ಫೋರ್ಡ್ ಕೂಡ ಮಾಡಿತ್ತು. ವಿಲ್ಲೀಸ್ ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಪೈಪು, ಫೋರ್ಡಿನದು ಕವುಚಿ ಹಾಕಿದ ಯು ಆಕಾರ. ಫೋರ್ಡ್ ತನ್ನ ಬೋಲ್ಟುಗಳ ಮೇಲೂ ಎಫ್ ಅಂತ ಒತ್ತುತ್ತಿತ್ತು. ಒಂದರ ಚಾಸಿಗೆ ಇನ್ನೊಂದರ ಬಾಡಿ ಕೂರಿಸಿದ್ದರೆ, ಅಸಲಿ ಗಾಡಿ ಬೇಕು ಅನ್ನುವ ಗಿರಾಕಿ ಅಲ್ಲೇ ತಿರುಗಿ ಹೋಗುತ್ತಾರೆ. ಫ್ಲೋರ್ ಅಡಿಯ ಟೊಪ್ಪಿ ಆಕಾರದ ಪಟ್ಟಿಗಳ ಒಳಗೆ ಮರ ತುಂಬಿರುತ್ತಾರೆ. ಆ ಮರ ನೀರು ಕುಡಿದು ಕೂರುತ್ತದೆ. ಸ್ಕ್ರೂಡ್ರೈವರ್ ಮೊದಲು ಹೋಗಬೇಕಾದ್ದು ಅಲ್ಲಿಗೆ.

ಚಾಸಿ ನಂಬರ್ ಮರೆಯಬೇಡಿ. ಸೀರೀಸ್ 3 ಲ್ಯಾಂಡ್ ರೋವರ್‌ನಲ್ಲಿ ಅದನ್ನು ಒತ್ತಿರುವುದು ಮುಂದೆ ಬಲಗಡೆ, ಸ್ಪ್ರಿಂಗ್ ಕೂರುವ ಚಾಸಿಯ ಮೂತಿಯಲ್ಲಿ. ತುಕ್ಕಿಗೂ ಅದೇ ಜಾಗ ಇಷ್ಟ. ನಂಬರ್ ಓದಲು ಬರದಿದ್ದರೆ, ಅಥವಾ ಕಾಗದದ ಜೊತೆ ತಾಳೆ ಆಗದಿದ್ದರೆ, ನಾನು ಬೆಲೆಯನ್ನೇ ಹೇಳುವುದಿಲ್ಲ.

ಮಾರುವವರ ಜೊತೆ ಮಾತಾಡುವುದೂ ಕಲಿಯಬೇಕಾಯಿತು. ಮೊದಮೊದಲು ಗಾಡಿಯನ್ನು ಹೀಗಳೆದು ಬೆಲೆ ಇಳಿಸುತ್ತಿದ್ದೆ. ಆದರೆ ಅದು ಎಷ್ಟೋ ಸಲ ಅವರ ಅಪ್ಪ ಓಡಿಸಿದ ಗಾಡಿ. ಅದನ್ನು ಬೈದರೆ ಯಾರಿಗೆ ಬೇಜಾರಾಗಲ್ಲ? ಈಗ ಸುತ್ತಿಗೆಯನ್ನು ಅವರ ಕೈಗೇ ಕೊಡುತ್ತೇನೆ. "ನೀವೇ ತಟ್ಟಿ ನೋಡಿ ಸರ್, ಇಲ್ಲಿ ಒಂದು ಸದ್ದು, ಅಲ್ಲಿ ಒಂದು ಸದ್ದು" ಅನ್ನುತ್ತೇನೆ. ಎರಡು ಸಲ ತಟ್ಟಿದ ಮೇಲೆ ಚೌಕಾಸಿ ಜಾಸ್ತಿ ಉಳಿಯುವುದಿಲ್ಲ. ತಟ್ಟಲು ಬಿಡದೇ ಇದ್ದರೆ ಅದೂ ಒಂದು ಉತ್ತರವೇ.

ಈಗ ಗಾಡಿ ನೋಡಲು ಮೇಸ್ತ್ರಿಯನ್ನೂ ಕರೆದುಕೊಂಡು ಹೋಗುತ್ತೇನೆ. ಮೊದಲು ನಾನು ನನ್ನ ಅಂದಾಜಿನ ಗಂಟೆಗಳನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಆಮೇಲೆ ಅವರು ಅಡಿಗೆ ನುಗ್ಗುತ್ತಾರೆ. ಕಳೆದ ವಾರ ನೋಡಿದ ಗಾಡಿಗೆ ನಾನು 150 ಗಂಟೆ ಅಂತ ಬರೆದಿದ್ದೆ. ಮೇಸ್ತ್ರಿ ಬೆನ್ನಿನ ಮಣ್ಣು ಒರೆಸಿಕೊಳ್ಳುತ್ತಾ ಎದ್ದು ಬಂದು, ಮಾರುವವರಿಗೆ ಕಾಣದ ಹಾಗೆ ನನಗೆ ಮೂರು ಬೆರಳು ತೋರಿಸಿದರು. ನಾನು ಜೇಬಿನೊಳಗೇ ಚೀಟಿಯನ್ನು ಮುದುಡಿದೆ.