ಚಿಯಾಂಗ್ ರಾಯ್‌ನ ಬಿಳಿ ದೇವಾಲಯ: ಒಂದು ರಾತ್ರಿ ಅಲ್ಲೇ ಉಳಿದು ನೋಡಿ

ಥಾಯ್ಲೆಂಡಿನ ಉತ್ತರಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಚಿಯಾಂಗ್ ಮಾಯ್‌ನಲ್ಲಿ ರೂಮು ಮಾಡಿಕೊಂಡು, ಅಲ್ಲಿಂದ ಒಂದು ದಿನದ ವ್ಯಾನ್ ಟೂರಿನಲ್ಲಿ ಚಿಯಾಂಗ್ ರಾಯ್‌ನ ವಾಟ್ ರೋಂಗ್ ಖುನ್, ಅಂದರೆ ಬಿಳಿ ದೇವಾಲಯ, ನೋಡಿ ಬರುತ್ತಾರೆ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ದೇವಾಲಯಕ್ಕೆ ಉಳಿಯುವ ಸಮಯ ತೀರಾ ಕಡಿಮೆ, ಅದೂ ಎಲ್ಲ ವ್ಯಾನುಗಳೂ ಒಟ್ಟಿಗೆ ಬಂದು ನಿಲ್ಲುವ ಹೊತ್ತಿನಲ್ಲಿ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ದಿನವೇ ಚಿಯಾಂಗ್ ರಾಯ್ ಊರಿಗೆ ಹೋಗಿ ಉಳಿದುಕೊಂಡು, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ.

ಇದು ಹಳೇ ಕಾಲದ ಗುಡಿಯಲ್ಲ. ಚಲರ್ಮ್‌ಚಾಯ್ ಕೋಸಿತ್‌ಪಿಪತ್ ಎಂಬ ಚಿತ್ರಕಲಾವಿದರು ತಮ್ಮ ಹುಟ್ಟೂರಿನ ಪಾಳುಬಿದ್ದ ದೇವಾಲಯವನ್ನು ಸ್ವಂತ ಹಣ ಹಾಕಿ ಹೊಸದಾಗಿ ಕಟ್ಟಲು ಹೊರಟರು. 1997ರಲ್ಲಿ ಜನರಿಗೆ ತೆರೆಯಿತು, ಕಟ್ಟುವುದು ಇನ್ನೂ ಮುಗಿದಿಲ್ಲ. ಒಟ್ಟು ಒಂಬತ್ತು ಕಟ್ಟಡಗಳ ಯೋಜನೆ, 2070ರ ಹೊತ್ತಿಗೆ ಪೂರ್ಣವಾಗಬಹುದೆಂಬ ಅಂದಾಜು. 1955ರಲ್ಲಿ ಹುಟ್ಟಿದ ಕಲಾವಿದರಿಗೆ, ತಾವದನ್ನು ನೋಡುವುದಿಲ್ಲವೆಂದು ಮೊದಲೇ ಗೊತ್ತು. ದೊಡ್ಡ ದಾನಿಗಳು ತಮ್ಮ ಇಷ್ಟವನ್ನು ಹೇರಬಾರದೆಂದು ಒಬ್ಬರಿಂದ 10,000 ಬಾತ್‌ಗಿಂತ (ಬಾತ್ ಎಂದರೆ ಅಲ್ಲಿನ ಹಣ) ಹೆಚ್ಚು ಕಾಣಿಕೆ ಪಡೆಯುವುದಿಲ್ಲ ಎಂಬ ನಿಯಮವನ್ನೂ ಮಾಡಿದರು. 2014ರ ಮೇ ತಿಂಗಳ ಭೂಕಂಪದಲ್ಲಿ ಗೋಪುರ, ಗೋಡೆಗಳಿಗೆ ಪೆಟ್ಟು ಬಿದ್ದಾಗ ಎಲ್ಲವನ್ನೂ ಕೆಡವಿಬಿಡುತ್ತೇನೆ ಎಂದವರು, ತಜ್ಞರು ಬಂದು ಪರೀಕ್ಷಿಸಿದ ಮೇಲೆ ಮನಸ್ಸು ಬದಲಿಸಿ ರಿಪೇರಿಗೆ ನಿಂತರು. ಇಷ್ಟನ್ನು ತಿಳಿದು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ದೂರದಿಂದ ಇಡೀ ಕಟ್ಟಡ ಸಕ್ಕರೆ ಅಚ್ಚಿನ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಬಿಳಿ ಗಾರೆಯ ಅಂಚಂಚಿಗೂ ಸಣ್ಣ ಸಣ್ಣ ಕನ್ನಡಿ ಚೂರುಗಳು. ಬಿಳುಪು ಬುದ್ಧನ ಪರಿಶುದ್ಧತೆಗೆ, ಕನ್ನಡಿ ಅವನ ಜ್ಞಾನಕ್ಕೆ. ಬೆಳಗಿನ ಓರೆ ಬಿಸಿಲಿನಲ್ಲಿ ಈ ಚೂರುಗಳು ಒಂದೊಂದಾಗಿ ಮಿನುಗುತ್ತವೆ. ಮಧ್ಯಾಹ್ನವಾದರೆ ಕಣ್ಣು ಕೋರೈಸಿ ಏನೂ ಕಾಣದು, ಕಪ್ಪು ಕನ್ನಡಕ ಬೇಕೇಬೇಕು.

ಒಳಗೆ ಹೋಗಲು ಒಂದು ಸೇತುವೆ ದಾಟಬೇಕು. ಅದರ ಬುಡದಲ್ಲಿ ಹಳ್ಳ, ಹಳ್ಳದಿಂದ ಮೇಲಕ್ಕೆ ಚಾಚಿದ ನೂರಾರು ಕೈಗಳು. ತೀರದ ಆಸೆಯಲ್ಲಿ ಬೇಯುತ್ತಿರುವ ಜೀವಗಳವು. ಅವುಗಳಲ್ಲಿ ಒಂದೇ ಒಂದು ಬೆರಳಿನ ಉಗುರಿಗೆ ಕೆಂಪು ಬಣ್ಣವಿದೆ, ಹುಡುಕಿ ನೋಡಿ. ಮುಂದೆ ಸ್ವರ್ಗದ ಬಾಗಿಲಲ್ಲಿ ಮೃತ್ಯು ಒಂದು ಕಡೆ, ನಮಗೆ ಚೆನ್ನಾಗಿ ಗೊತ್ತಿರುವ ರಾಹು ಇನ್ನೊಂದು ಕಡೆ ಕಾವಲು ನಿಂತಿದ್ದಾರೆ. ಸೇತುವೆಯಲ್ಲಿ ಹಿಂದಕ್ಕೆ ಬರುವಂತಿಲ್ಲ, ನಿಂತರೆ ಸಿಬ್ಬಂದಿ ಮುಂದೆ ಹೋಗಿ ಎನ್ನುತ್ತಾರೆ. ಹಾಗಾಗಿ ಹತ್ತುವ ಮುಂಚೆಯೇ ಕೆಳಗೆ ನಿಂತು ತೃಪ್ತಿಯಾಗುವಷ್ಟು ನೋಡಿ, ಫೋಟೋ ತೆಗೆದುಕೊಳ್ಳಿ.

ಗರ್ಭಗೃಹದಂಥ ಮುಖ್ಯ ಮಂದಿರದಲ್ಲಿ ಫೋಟೋ ನಿಷಿದ್ಧ, ಚಪ್ಪಲಿ ಹೊರಗೆ. ಬಹಳಷ್ಟು ಜನ ಎದುರಿನ ಬುದ್ಧನಿಗೆ ಕೈಮುಗಿದು ಪಕ್ಕದಿಂದ ಹೊರಬೀಳುತ್ತಾರೆ. ನೀವು ಮಾತ್ರ ತಪ್ಪದೆ ಹಿಂತಿರುಗಿ, ಬಂದ ಬಾಗಿಲಿನ ಗೋಡೆ ನೋಡಿ. ಬೆಂಕಿಯ ನಡುವೆ ಒಂದು ದೊಡ್ಡ ರಾಕ್ಷಸ ಮುಖ. ಅದರ ಸುತ್ತ ಉರಿಯುವ ನ್ಯೂಯಾರ್ಕಿನ ಅವಳಿ ಗೋಪುರಗಳು, ಪೆಟ್ರೋಲ್ ಪಂಪು, ಮೈಕೆಲ್ ಜಾಕ್ಸನ್, ಸೂಪರ್‌ಮ್ಯಾನ್, ಹಲೋ ಕಿಟ್ಟಿ. ಇದನ್ನು ತಮಾಷೆ ಎಂದುಕೊಳ್ಳುವವರಿದ್ದಾರೆ, ನನಗೆ ಹಾಗನ್ನಿಸಲಿಲ್ಲ. ಬುದ್ಧನ ತಪಸ್ಸು ಕೆಡಿಸಲು ಬಂದ ಮಾರನ ಸೈನ್ಯವನ್ನು ಹಳೆಯ ಚಿತ್ರಕಾರರು ತಮ್ಮ ಕಾಲದ ಆಯುಧ, ವಾಹನಗಳೊಂದಿಗೆ ಬರೆದರು, ಇವರು ನಮ್ಮ ಕಾಲದ್ದನ್ನು ಬರೆದಿದ್ದಾರೆ. ಈ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲುವುದಕ್ಕಾಗಿಯೇ ಬೇಗ ಬನ್ನಿ ಎನ್ನುತ್ತಿರುವುದು. ಆವರಣದಲ್ಲಿ ಬಂಗಾರ ಬಣ್ಣದ ಒಂದು ಭವ್ಯ ಕಟ್ಟಡವೂ ಇದೆ. ಅದು ಶೌಚಾಲಯ, ನಿಸ್ಸಂಕೋಚವಾಗಿ ಬಳಸಿ.

ತಲುಪುವುದು ಸುಲಭ. ಚಿಯಾಂಗ್ ಮಾಯ್‌ನಿಂದ ಚಿಯಾಂಗ್ ರಾಯ್‌ಗೆ ಗ್ರೀನ್ ಬಸ್ ಎಂಬ ಕಂಪನಿಯ ಬಸ್ಸುಗಳಿವೆ, ರಜಾ ದಿನಗಳಲ್ಲಿ ಸೀಟು ಮೊದಲೇ ಕಾದಿರಿಸಿ. ಬ್ಯಾಂಕಾಕ್‌ನಿಂದ ನೇರ ವಿಮಾನವೂ ಇದೆ. ದೇವಾಲಯ ಊರಿನಿಂದ ಸುಮಾರು 13 ಕಿ.ಮೀ. ಹಳೇ ಬಸ್ ನಿಲ್ದಾಣದಿಂದ ಲೋಕಲ್ ಬಸ್ಸು ಅಗ್ಗ, ನಾಲ್ಕು ಜನರಿದ್ದರೆ ಮೊಬೈಲ್ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಟ್ಯಾಕ್ಸಿ ವಾಸಿ. ವಿದೇಶಿಯರಿಗೆ ಪ್ರವೇಶ ಶುಲ್ಕವಿದೆ, ನಗದು ಬಾತ್ ಕೈಯಲ್ಲಿರಲಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಥಾಯ್ಲೆಂಡ್ ಪ್ರವೇಶಕ್ಕೆ 2025ರ ಮೇಯಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯ. ಅಲ್ಲಿಗೆ ತಲುಪುವ ಮುನ್ನ ಮೂರು ದಿನಗಳ ಒಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ.

ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಗದ್ದೆ, ಕಾಡು ಸುಡುವ ಹೊಗೆ ಉತ್ತರವನ್ನೆಲ್ಲ ಕವಿಯುತ್ತದೆ. ಉಬ್ಬಸವಿರುವವರು, ವಯಸ್ಸಾದವರು ಆಗ ಹೋಗಲೇಬೇಡಿ. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ ಅಂಗಡಿ ಹುಡುಕಿ, 'ಜೇ' (ಮಾಂಸ, ಮೀನು ಏನೂ ಸೇರದ ಅಡುಗೆ) ಎಂದು ಕೇಳಿ. ಬರೀ ತರಕಾರಿ ಎಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ.

ಉಳಿದ ಅರ್ಧ ದಿನಕ್ಕೆ ಇದೇ ಕಲಾವಿದರ ಶಿಷ್ಯರು ಕಟ್ಟಿದ ನೀಲಿ ದೇವಾಲಯ, ಇನ್ನೊಬ್ಬ ಹಿರಿಯ ಕಲಾವಿದ ತವನ್ ದುಚನೀ ಅವರ ಕಪ್ಪು ಮನೆ ಇವೆ. ಕಪ್ಪು ಮನೆಯ ತುಂಬ ಪ್ರಾಣಿಗಳ ಮೂಳೆ, ಕೊಂಬು, ಚರ್ಮ. ಚಿಕ್ಕ ಮಕ್ಕಳು ಜೊತೆಗಿದ್ದರೆ ಅದನ್ನು ಬಿಟ್ಟು, ಊರ ನಡುವಿನ ಬಂಗಾರದ ಗಡಿಯಾರ ಕಂಬದ ಹತ್ತಿರ ಹೋಗಿ. ಅದೂ ಚಲರ್ಮ್‌ಚಾಯ್ ಅವರದೇ ವಿನ್ಯಾಸ. ಸಂಜೆ ಏಳು, ಎಂಟು, ಒಂಬತ್ತಕ್ಕೆ ಸಂಗೀತದೊಂದಿಗೆ ಬಣ್ಣ ಬದಲಿಸುತ್ತದೆ, ಟಿಕೆಟ್ಟಿಲ್ಲ.