ಜೆಫರ್ಸನ್ ರಸ್ತೆಯ ಉಗ್ರಾಣ

ಶನಿವಾರ ಬೆಳಿಗ್ಗೆ ಶಿಕಾಗೋ ಹೊರವಲಯದ ನೇಪರ್‌ವಿಲ್‌ನ ಮನೆಯಿಂದ ಹೊರಡುವಾಗ ಅಕ್ಕ ಮತ್ತೊಮ್ಮೆ ಕೇಳಿದಳು: "ಸರೋವರ ನೋಡು, ಮ್ಯೂಸಿಯಂ ನೋಡು ಎಂದರೆ, ಎಂದೋ ಮುಚ್ಚಿಹೋದ ಕ್ಲಬ್ಬಿನ ಗೋಡೆ ನೋಡಲು ಹೊರಟಿದ್ದೀಯಲ್ಲ, ಅಲ್ಲೇನಿದೆ?" ಏನೂ ಇಲ್ಲವೆಂದು ನನಗೂ ಗೊತ್ತಿತ್ತು. ಆದರೆ ಹದಿನೈದು ವರ್ಷ ಬೆಂಗಳೂರಿನಲ್ಲಿ ಡಿಜೆಯಾಗಿ, ಡಿಸ್ಕೊದಿಂದ ಹುಟ್ಟಿದ ಹೌಸ್ ಎಂಬ ಕುಣಿತದ ಸಂಗೀತ ನುಡಿಸಿ ಅನ್ನ ಉಂಡವನು ನಾನು. ಶಿಕಾಗೋದವರೆಗೆ ಬಂದು ಆ ಸಂಗೀತಕ್ಕೆ ಹೆಸರು ಕೊಟ್ಟ ಬಾಗಿಲನ್ನು ನೋಡದೆ ಹಿಂದಿರುಗಿದರೆ ಮನಸ್ಸು ಒಪ್ಪುತ್ತಿರಲಿಲ್ಲ. ಅಕ್ಕ ಚಿತ್ರಾನ್ನದ ಡಬ್ಬಿಯನ್ನು ಚೀಲಕ್ಕೆ ತುರುಕಿ, ಭಾವನ ಜೊತೆ ನನ್ನನ್ನು ರೈಲು ನಿಲ್ದಾಣಕ್ಕೆ ಕಳಿಸಿದಳು.

ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು ಆಡಮ್ಸ್ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ಮೊದಲು ಸಿಗುವುದು ಕ್ಲಿಂಟನ್ ರಸ್ತೆ, ಅದು ದಾಟಿದರೆ ಜೆಫರ್ಸನ್. ಮನೆ ನಂಬರು 206. ಎತ್ತರದ ಕಟ್ಟಡಗಳ ಬುಡದಲ್ಲಿ ಗಟ್ಟಿಯಾಗಿ ಕುಳಿತ ಮೂರು ಅಂತಸ್ತಿನ ಇಟ್ಟಿಗೆಯ ಕಟ್ಟಡ. ಹಿಂದೆ ಕೈಗಾರಿಕೆಗೆಂದು ಕಟ್ಟಿದ್ದು. 1977ರಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರು ಇಲ್ಲಿ ಕ್ಲಬ್ ತೆರೆದರು. ಬಂದವರು ಅದನ್ನು ಕರೆದದ್ದು ವೇರ್‌ಹೌಸ್ ಎಂದು, ಅಂದರೆ ಉಗ್ರಾಣ. ಆ ಹೆಸರಿನ ತಲೆ ಉದುರಿ, ಬಾಲವಾದ 'ಹೌಸ್' ಮಾತ್ರ ಲೋಕವೆಲ್ಲ ಸುತ್ತಿತು. ಇಲ್ಲಿ ಕೇಳಿದ ರೆಕಾರ್ಡುಗಳನ್ನು ಜನ ಇಂಪೋರ್ಟ್ಸ್ ಎಟ್ಸೆಟ್ರಾ ಎಂಬ ಅಂಗಡಿಯಲ್ಲಿ ಹುಡುಕಿಕೊಂಡು ಹೋಗುತ್ತಿದ್ದರು. ಅಂಗಡಿಯವರು ಅಂಥವುಗಳ ಮೇಲೆ 'ವೇರ್‌ಹೌಸ್‌ನಲ್ಲಿ ನುಡಿಸಿದ್ದು' ಎಂದು ಚೀಟಿ ಅಂಟಿಸುತ್ತಿದ್ದರು. ಕ್ರಮೇಣ ಚೀಟಿಯಲ್ಲಿ ಉಳಿದದ್ದು ಹೌಸ್ ಒಂದೇ ಎಂಬುದು ಎಲ್ಲ ಡಿಜೆಗಳೂ ಹೇಳಿಕೊಂಡು ಬಂದಿರುವ ಕಥೆ. ಉಗ್ರಾಣವು ಮನೆಯಾದ ಈ ಕಥೆ ನನಗೆ ಬಹಳ ಪ್ರಿಯವಾದದ್ದು.

ಕಂಬದ ಮೇಲೆ ಕಂದು ಬಣ್ಣದ ಫಲಕವಿದೆ. ಈ ರಸ್ತೆಯ ತುಣುಕಿಗೆ 2004ರಲ್ಲಿ ಈ ಕ್ಲಬ್ಬಿನ ಡಿಜೆ ಫ್ರಾಂಕಿ ನಕಲ್ಸ್ ಅವರ ಹೆಸರಿಟ್ಟರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಫ್ರಾಂಕಿ ಇಲ್ಲಿಗೆ ಬಂದಾಗ ಇಪ್ಪತ್ತೆರಡರ ತರುಣ. ವಿಲಿಯಮ್ಸ್ ಮೊದಲು ಕರೆದದ್ದು ಫ್ರಾಂಕಿಯ ಗೆಳೆಯ ಲ್ಯಾರಿ ಲೆವಾನ್ ಅವರನ್ನು. ಅವರು ನ್ಯೂಯಾರ್ಕ್ ಬಿಡಲು ಒಪ್ಪಲಿಲ್ಲ. ಫ್ರಾಂಕಿ ಬಂದರು, 1982ರವರೆಗೆ ಈ ಗೋಡೆಗಳ ಒಳಗೆ ನುಡಿಸಿದರು.

ಈಗ ಒಳಗೆ ಹೋಗುವಂತಿರಲಿಲ್ಲ. ಎದುರಿನ ಕಾಲುದಾರಿಯಲ್ಲಿ ನಿಂತು, ಓದಿದ್ದನ್ನೂ ಹಿರಿಯ ಡಿಜೆಗಳಿಂದ ಕೇಳಿದ್ದನ್ನೂ ಒಂದೊಂದೇ ಅಂತಸ್ತಿಗೆ ಜೋಡಿಸುತ್ತಾ ಹೋದೆ. ಮೇಲೆ ಕುಳಿತು ಮಾತನಾಡುವ ಜಾಗ. ನಡುವಿನ ಅಂತಸ್ತಿನಲ್ಲಿ ಕುಣಿತ. ಕೆಳಗಿನ ನೆಲಮಾಳಿಗೆಯಲ್ಲಿ ಹಣ್ಣಿನ ರಸ, ನೀರು, ತಿಂಡಿ, ಎಲ್ಲವೂ ಪುಕ್ಕಟೆ. ಮದ್ಯ ಮಾರುತ್ತಿರಲಿಲ್ಲ. ಶನಿವಾರ ರಾತ್ರಿ ತೆರೆದ ಬಾಗಿಲು ಭಾನುವಾರ ಮಧ್ಯಾಹ್ನದವರೆಗೂ ತೆರೆದೇ ಇರುತ್ತಿತ್ತು. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿ ತರುಣರು. ಬೇರೆ ಕಡೆ ಬಣ್ಣ ನೋಡಿ ಬಾಗಿಲಲ್ಲೇ ತಡೆಯುವರು, ಮನೆಯಲ್ಲಿ ಒಲವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅಂಥವರಿಗೆ ವಾರಕ್ಕೊಂದು ರಾತ್ರಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಜಾಗ ಇದಾಗಿತ್ತು.

ಹನ್ನೆರಡು ತಾಸಿಗೂ ಉದ್ದವಾದ ಒಂದು ರಾತ್ರಿ! ನಾನು ಕಸುಬು ಕಲಿತ ಊರಿನಲ್ಲಿ ಹನ್ನೊಂದೂವರೆಗೆ ದೀಪ ಹಾಕಿಬಿಡುತ್ತಿದ್ದರು. 2008ರಲ್ಲಿ ಕುಣಿಯುವುದಕ್ಕೂ ತಡೆ ಬಂತು. ಜನ ಕುರ್ಚಿಯಲ್ಲಿ ಕುಳಿತು ಭುಜ ಅಲ್ಲಾಡಿಸುತ್ತಿದ್ದರೆ ನಾನು ಅವರಿಗಾಗಿ ನುಡಿಸುತ್ತಿದ್ದೆ. ಎರಡು ಗಂಟೆಯಲ್ಲಿ ಡಿಜೆಗೆ ಮಾಡಲಾಗುವುದು ಒಂದೇ, ಗೊತ್ತಿರುವ ಹಾಡುಗಳನ್ನು ಒಂದರ ಮೇಲೊಂದು ಸುರಿಯುವುದು. ರಾತ್ರಿ ಉದ್ದವಾಗಿದ್ದರೆ ಮಾತ್ರ ಜನರನ್ನು ದಣಿಸಿ, ವಿರಮಿಸಲು ಬಿಟ್ಟು, ಮತ್ತೆ ಎಬ್ಬಿಸಲು ಸಾಧ್ಯ. ಉಡುಪಿ ಕಡೆಯ ಬಯಲಾಟಗಳಲ್ಲಿ ನಿದ್ದೆಗೆಟ್ಟು ಬೆಳೆದ ನನಗೆ ಇದು ಗೊತ್ತು. ಯಾವ ಹೊತ್ತಿಗೆ ಚೆಂಡೆ ಏರಬೇಕು, ಯಾವ ಹೊತ್ತಿಗೆ ಪದ್ಯವನ್ನು ನಿಧಾನಕ್ಕೆ ಎಳೆಯಬೇಕು ಎಂಬುದನ್ನು ಭಾಗವತರು ಬೆಳಗಿನವರೆಗಿನ ಲೆಕ್ಕ ಇಟ್ಟುಕೊಂಡೇ ತೀರ್ಮಾನಿಸುತ್ತಾರೆ.

ಫ್ರಾಂಕಿಯ ಲೆಕ್ಕದಲ್ಲಿ ಒಂದು ರೈಲಿತ್ತು. ಕುಣಿತ ತುಂಬಿ ಹರಿಯುವ ಹೊತ್ತಿಗೆ ದೀಪಗಳನ್ನೆಲ್ಲ ಆರಿಸಿ, ವೇಗದ ರೈಲಿನ ಸದ್ದಿದ್ದ ರೆಕಾರ್ಡು ಹಾಕುತ್ತಿದ್ದರು. ಕತ್ತಲಲ್ಲಿ ರೈಲು ಜನರ ನಡುವೆಯೇ ಹಾದುಹೋಗುತ್ತಿತ್ತು. ನಾನು ಇಳಿದು ಬಂದ ನಿಲ್ದಾಣ ಅಲ್ಲಿಂದ ಕೂಗಳತೆಯಲ್ಲಿದೆ. ಓದಿದಾಗ ಬರಿಯ ಚಮತ್ಕಾರವೆನಿಸಿದ್ದು, ಆ ಮೂಲೆಯಲ್ಲಿ ನಿಂತಾಗ ಮೈ ಜುಮ್ಮೆನಿಸಿತು.

1979ರ ಜುಲೈ 12ರಂದು ಇದೇ ಊರಿನ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಸ್ಫೋಟಿಸಿದರು. ಡಿಸ್ಕೊ ಸತ್ತಿತು ಎಂದು ಕಂಪನಿಗಳೂ ಕೈಬಿಟ್ಟವು. ಕುಣಿಸಲು ಹೊಸ ಹಾಡುಗಳು ಸಾಲದಾದಾಗ ಫ್ರಾಂಕಿ ಹಳೆಯವನ್ನೇ ಬಿಚ್ಚಿ ಹೊಲಿದರು. ಟೇಪ್ ಯಂತ್ರಕ್ಕೆ ಹಾಡನ್ನು ಇಳಿಸಿ, ಟೇಪನ್ನು ಕತ್ತರಿಸಿ ಅಂಟಿಸಿ, ತಾಳವಷ್ಟೇ ಇರುವ ಭಾಗವನ್ನು ಉದ್ದ ಮಾಡಿದರು. ಮುಂದೆ ಅವರ ಕೈಗೆ ರೋಲ್ಯಾಂಡ್ ಕಂಪನಿಯ 909 ತಾಳಯಂತ್ರವೂ ಬಂತು. ಮಾರಿದವರು ಡೆಟ್ರಾಯಿಟ್‌ನ ಡಿಜೆ ಡೆರಿಕ್ ಮೇ. ಇಲ್ಲದಿರುವುದನ್ನು ಇರುವುದರಿಂದಲೇ ಹೊಲಿದುಕೊಂಡ ಸಂಗೀತ ಇದು.

ಮಧ್ಯಾಹ್ನ ಮಿಲೇನಿಯಂ ನಿಲ್ದಾಣದಿಂದ ಇನ್ನೊಂದು ರೈಲು ಹಿಡಿದು ಊರಿನ ದಕ್ಷಿಣಕ್ಕೆ ಹೋದೆ. 71ನೆಯ ರಸ್ತೆಯಲ್ಲಿ ಹಳಿಗಳು ಬೀದಿಯ ನಡುವೆಯೇ ಸಾಗುತ್ತವೆ. ಸ್ಟೋನಿ ಐಲೆಂಡ್‌ನಲ್ಲಿ ಇಳಿದು ಸ್ವಲ್ಪ ಉತ್ತರಕ್ಕೆ ನಡೆದರೆ ಕಂಬಗಳ ಹಳೆಯ ಬ್ಯಾಂಕ್ ಕಟ್ಟಡ. ಪಾಳುಬಿದ್ದಿದ್ದ ಇದನ್ನು ಕಲಾವಿದ ಥಿಯಾಸ್ಟರ್ ಗೇಟ್ಸ್ ನಗರಾಡಳಿತದಿಂದ 1 ಡಾಲರಿಗೆ ಪಡೆದು, 2015ರಲ್ಲಿ ಕಲಾಕೇಂದ್ರವಾಗಿ ತೆರೆದರು. 2014ರ ಮಾರ್ಚ್ 31ರಂದು ತೀರಿಕೊಂಡ ಫ್ರಾಂಕಿಯ ಸುಮಾರು 5,000 ರೆಕಾರ್ಡುಗಳ ಸಂಗ್ರಹ ಇಲ್ಲಿಗೆ ಸೇರಿದೆ.

ನಾನು ನೋಡಿದ ಒಂದು ರೆಕಾರ್ಡಿನ ಬಗ್ಗೆ ಹೇಳಬೇಕು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಮಾತನಾಡುತ್ತವೆ. ಸದ್ದು ತುಂಬಿದ ಕಡೆ ಅವು ಬೂದು ಬಣ್ಣಕ್ಕೆ ಹೊಳೆಯುತ್ತವೆ. ವಾದ್ಯಗಳು ಹಿಂದೆ ಸರಿದು ಸದ್ದು ತಗ್ಗುವಲ್ಲಿ ಕಪ್ಪಾದ, ನುಣುಪಾದ ಒಂದು ಪಟ್ಟಿ ಕಾಣುತ್ತದೆ. ಡಿಜೆ ಹಾಡು ಕೇಳುವ ಮೊದಲೇ ಆ ಪಟ್ಟಿಯನ್ನು ಕಣ್ಣಿನಿಂದ ಓದುತ್ತಾನೆ. ಈ ರೆಕಾರ್ಡಿನ ನಡುವಿನ ರಂಧ್ರದ ಸುತ್ತ, ಕತ್ತಲಲ್ಲಿ ರೆಕಾರ್ಡ್ ಪ್ಲೇಯರಿನ ಕಡ್ಡಿಗೆ ಸಿಕ್ಕಿಸುವಾಗ ಬೀಳುವ ಸಣ್ಣ ಸಣ್ಣ ಗೀಚುಗಳು ಹೂವಿನ ಎಸಳಿನಂತೆ ಹರಡಿದ್ದವು. ಎಷ್ಟು ರಾತ್ರಿಗಳ ಕೈ ಅದರ ಮೇಲೆ! ನನ್ನ ರೆಕಾರ್ಡುಗಳ ಮೇಲೂ ಅದೇ ಗುರುತುಗಳಿವೆ. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ.

ರಾತ್ರಿ ಉತ್ತರದ ಕ್ಲಾರ್ಕ್ ರಸ್ತೆಯ ಸ್ಮಾರ್ಟ್ ಬಾರ್‌ಗೆ ಹೋದೆ. 1982ರಿಂದ ನಡೆಯುತ್ತಿರುವ ಈ ಕ್ಲಬ್ಬಿನಲ್ಲಿ ಫ್ರಾಂಕಿಯೂ ನುಡಿಸುತ್ತಿದ್ದರು. ಆ ರಾತ್ರಿಯ ಡಿಜೆ ಆತುರಪಡಲಿಲ್ಲ. ಒಂದು ಹಾಡಿನ ಒಳಗೆ ಇನ್ನೊಂದನ್ನು ಇಳಿಬಿಟ್ಟು, ಎರಡೂ ಒಂದೇ ಆಗುವವರೆಗೆ ಕಾದರು. ನನ್ನ ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಕಣ್ಣುಮುಚ್ಚಿ, ನಿಂತಲ್ಲೇ, ಬರಿಯ ಪಾದದಲ್ಲಿ ತಾಳ ಹಾಕುತ್ತಿದ್ದರು. ಮಾತನಾಡಿಸಬೇಕೆನಿಸಿತು, ಅವರ ಮುಖ ನೋಡಿ ಸುಮ್ಮನಾದೆ.

ಬೆಳಕು ಹರಿಯುವ ಹೊತ್ತಿಗೆ ಊರ ನಡುವಿಗೆ ಮರಳಿದೆ. ನೇಪರ್‌ವಿಲ್ ರೈಲಿಗೆ ಸಮಯವಿತ್ತು. ಕಾಲುಗಳು ತಾವಾಗಿ ಜೆಫರ್ಸನ್ ಮೂಲೆಗೆ ನಡೆದವು. ಕಟ್ಟಡವನ್ನು ನಗರವು 2023ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದೆ. ಇನ್ನು ಅದನ್ನು ಸುಲಭಕ್ಕೆ ಕೆಡವಲಾಗದು. ಮೆಟ್ಟಿಲ ಮೇಲೆ ಕುಳಿತು ಉಳಿದ ಚಿತ್ರಾನ್ನ ತಿಂದೆ.

ಅಲ್ಲಿಂದ ಒಂದೇ ಅಡ್ಡರಸ್ತೆಯ ಆಚೆ ಓಲ್ಡ್ ಸೇಂಟ್ ಪ್ಯಾಟ್ರಿಕ್ಸ್ ಚರ್ಚ್ ಇದೆ. 1871ರ ಮಹಾ ಬೆಂಕಿಯಲ್ಲೂ ಉಳಿದುಕೊಂಡದ್ದು. ಭಾನುವಾರದ ಪ್ರಾರ್ಥನೆಗೆ ಜನ ಬರತೊಡಗಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಅಮ್ಮನ ಕೈ ಹಿಡಿದ ಮಕ್ಕಳು. ನಲವತ್ತೈದು ವರ್ಷಗಳ ಹಿಂದೆ ಇದೇ ಹೊತ್ತಿಗೆ ಈ ಗೋಡೆಯ ಒಳಗೆ ಬೆವರಿನಲ್ಲಿ ತೊಯ್ದವರು ಇನ್ನೂ ಕುಣಿಯುತ್ತಿದ್ದಿರಬೇಕು. ಈ ಕ್ಲಬ್ಬನ್ನು ಫ್ರಾಂಕಿ ಚರ್ಚಿಗೆ ಹೋಲಿಸುತ್ತಿದ್ದರಂತೆ. ಡಬ್ಬಿ ಮುಚ್ಚಿ ಏಳುವ ಮೊದಲು ಇಟ್ಟಿಗೆಗೆ ಅಂಗೈ ಒತ್ತಿ ನಿಂತೆ. ರಾತ್ರಿಯ ಕೊನೆಯ ಹಾಡು ನನ್ನ ಕಿವಿಯಲ್ಲಿ ಇನ್ನೂ ನಡೆಯುತ್ತಿತ್ತು.